ಕೀಲಿ ಕೊಡುವ ಮುನ್ನ ಒಂದು ತಾಬಾ ಪಾವತಿ

ಪುಣೆಯ ಕರ್ವೆನಗರದಲ್ಲಿ ಬಾಡಿಗೆ ಕರಾರು ಮಾಡಿಸಿಕೊಡುವ ಅಂಗಡಿಗಳಿಗೆ ಬರವಿಲ್ಲ. ಒಂದು ಝೆರಾಕ್ಸ್ ಯಂತ್ರ, ಹೆಬ್ಬೆರಳು ಒತ್ತಿಸಿಕೊಳ್ಳುವ ಪುಟ್ಟ ಡಬ್ಬಿ, ಗೋಡೆಯ ಮೇಲೊಬ್ಬ ಗಣಪತಿ ಇದ್ದರೆ ಅಂಗಡಿ ತೆರೆದಂತೆಯೇ. ಆದರೆ ಎಲ್ಲರ ಬೋರ್ಡೂ ಕರಾರು ಮಾಡಿಸುವುದರ ಬಗ್ಗೆ. ಮುಗಿಸಿಕೊಡುತ್ತೇವೆ ಎಂದು ಬರೆದದ್ದನ್ನು ನಾನು ಒಂದೇ ಕಡೆ ಕಂಡೆ. ಅಲ್ಲಿ ದುಡ್ಡು ಕೊಟ್ಟು ಮನೆ ಬಿಟ್ಟವಳು ನಾನು. ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಒಂದೂವರೆ ಎಲ್ಲಿ ಕಳೆದುಹೋಯಿತು ಎಂಬುದನ್ನೂ ಹೇಳುತ್ತೇನೆ.

ಬ್ಯಾಂಕಿನ ಕೆಲಸ ನನ್ನದು. ಜೂನ್ 1ಕ್ಕೆ ಹನ್ನೊಂದು ತಿಂಗಳ ಕರಾರು ಮಾಡಿಕೊಂಡು ಎರಡು ಕೋಣೆಯ ಮನೆ ಹಿಡಿದಿದ್ದೆ. ಬಾಡಿಗೆ 22,000, ಡಿಪಾಸಿಟ್ 60,000. (ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಸುರಿದ ನನ್ನ ತಂಗಿ ಈ ಅಂಕಿ ಕೇಳಿ ಎರಡು ದಿನ ಫೋನ್ ಮಾಡಲಿಲ್ಲ.) ಜನವರಿ ಮೊದಲ ವಾರ ಹುಬ್ಬಳ್ಳಿಗೆ ವರ್ಗದ ಆದೇಶ ಬಂತು. ಕರಾರು ಮಾಡಿಸಿದ್ದ ಹಳೆಯ ಏಜೆಂಟನಿಗೆ ಫೋನ್ ಮಾಡಿದರೆ, ‘ನನ್ನ ಕೆಲಸ ಜೂನ್‌ನಲ್ಲೇ ಮುಗಿಯಿತಲ್ಲ ಮೇಡಂ’ ಎಂದ. ಶೇ. 0.25ರ ಮುದ್ರಾಂಕ ಶುಲ್ಕ, 1,000 ರೂಪಾಯಿ ನೋಂದಣಿ ಶುಲ್ಕ, ಅದರ ಮೇಲೆ ಅವನ ಕೂಲಿ, ಎಲ್ಲವನ್ನೂ ಚೊಕ್ಕವಾಗಿ ಎಣಿಸಿಕೊಂಡಿದ್ದ ಮನುಷ್ಯ ಅವನು.

ಮುಗಿಸಿಕೊಡುವ ಈ ಹೊಸ ಅಂಗಡಿಯವರು ಕರ್ನಾಟಕ ಗಡಿಯ ಜತ್ ಕಡೆಯವರು. ಮರಾಠಿಯಲ್ಲಿ ಮಾತು ಶುರುಮಾಡಿ, ನನ್ನ ಮರಾಠಿ ಕೇಳಿ ನಕ್ಕು, ಕನ್ನಡಕ್ಕೆ ಬಂದರು. ನಾನು ಒಯ್ದಿದ್ದು ನೋಂದಣಿಯ ಸಾರಾಂಶವಷ್ಟೇ ಇರುವ ಇಂಡೆಕ್ಸ್-2 ಎಂಬ ಒಂದೇ ಹಾಳೆ. ‘ಇದು ಮದುವೆಯ ಕರೆಯೋಲೆ ಇದ್ದ ಹಾಗೆ ಅಕ್ಕಾ, ಪೂರ್ತಿ ಕರಾರು ತನ್ನಿ’ ಎಂದು ವಾಪಸು ಕಳಿಸಿದರು. ತಂದ ಮೇಲೆ ಪೆನ್ಸಿಲ್ ಹಿಡಿದು ಮೂರು ಕಡೆ ಗೆರೆ ಎಳೆದರು: ಲಾಕ್-ಇನ್, ಅಂದರೆ ನಡುವೆ ಬಿಡುವಂತಿಲ್ಲದ ಅವಧಿ, ಆರು ತಿಂಗಳು, ಅದು ನವೆಂಬರಿಗೇ ಕಳೆದಿದೆ, ಆಮೇಲೆ ಯಾರೇ ಬಿಡಿಸಿದರೂ ಒಂದು ತಿಂಗಳ ಲಿಖಿತ ನೋಟಿಸ್, ಮನೆ ಒಪ್ಪಿಸುವಾಗಲೇ ಡಿಪಾಸಿಟ್ ವಾಪಸು. ಏಳು ತಿಂಗಳು ಕಪಾಟಿನಲ್ಲಿದ್ದ ಕಾಗದವನ್ನು ನಾನು ಓದಿದ್ದು ಅಂದೇ.

ಇನ್ನೊಂದು ಮಾತನ್ನೂ ಅಲ್ಲೇ ತಿಳಿದೆ. ಮಹಾರಾಷ್ಟ್ರದಲ್ಲಿ ನಮ್ಮಂಥವರು ಮಾಡಿಕೊಳ್ಳುವುದು ಹೆಚ್ಚಾಗಿ ಲೀವ್ ಅಂಡ್ ಲೈಸೆನ್ಸ್ ಕರಾರು. ಅಂದರೆ ನಾನು ಕಾನೂನಿನ ಲೆಕ್ಕದಲ್ಲಿ ಬಾಡಿಗೆದಾರಳಲ್ಲ, ಇರಲು ಪರವಾನಗಿ ಪಡೆದವಳು. ಅವಧಿ ಮುಗಿದ ಮೇಲೂ ಮನೆ ಬಿಡದೆ ಕುಳಿತರೆ 1999ರ ಬಾಡಿಗೆ ನಿಯಂತ್ರಣ ಕಾಯ್ದೆಯ 24ನೇ ಕಲಮಿನಂತೆ ಕರಾರಿನ ಬಾಡಿಗೆಯ ಎರಡು ಪಟ್ಟು ತೆರಬೇಕಾಗುತ್ತದೆ. ನಮ್ಮ ಮಹಡಿಯಲ್ಲೇ ಒಬ್ಬರು ಕರಾರು ಮುಗಿದ ಮೇಲೂ ಮನೆ ಮಾಲೀಕರ ಬಗ್ಗೆ ‘ಕಾಕಾ ಏನೂ ಅನ್ನುವುದಿಲ್ಲ’ ಎಂದು ನಿಶ್ಚಿಂತರಾಗಿದ್ದರು. ಅವರಿಗೆ ಆ ಸಂಜೆಯೇ ಹೇಳಿ ಬಂದೆ.

ನೋಟಿಸ್ ಕೊಟ್ಟದ್ದು ಜನವರಿ 12ಕ್ಕೆ. ತಿಳಗೂಳ ಕೊಟ್ಟು ಸಿಹಿ ಮಾತಾಡಿ ಎನ್ನುವ ಹಬ್ಬಕ್ಕೆ ಎರಡೇ ದಿನ ಇತ್ತು, ನನಗೇ ಮುಜುಗರ. ವಾಟ್ಸಾಪಿನಲ್ಲಿ ಹೇಳಿದರೆ ಸಾಲದೇ ಎಂದು ಕೇಳಿದೆ. ವಾಟ್ಸಾಪಿನಲ್ಲೂ ಹಾಕಿ, ಸ್ಪೀಡ್ ಪೋಸ್ಟಿನಲ್ಲೂ ಕಳಿಸಿ, ಕೈಯಲ್ಲೂ ಕೊಟ್ಟು ಇನ್ನೊಂದು ಪ್ರತಿಯ ಮೇಲೆ ತಾರೀಖು ಸಹಿತ ಸಹಿ ಹಾಕಿಸಿಕೊಳ್ಳಿ ಎಂದರು. ಇಲ್ಲಿನವರು ಅದಕ್ಕೆ ಪೋಚ್ ಎನ್ನುತ್ತಾರೆ. ಮನೆಯ ಮಾಲೀಕ ಕಾಕಾ ಚಹಾ ಕುಡಿಸಿ, ಕನ್ನಡಕ ಹುಡುಕಿ, ಸಹಿ ಹಾಕಿದರು. ಅಷ್ಟರಲ್ಲಿ ಅವರ ಹೆಸರಿನಲ್ಲಿ ಒಂದಕ್ಷರ ತಪ್ಪಾಗಿರುವುದು ನನ್ನ ಕಣ್ಣಿಗೆ ಬಿತ್ತು. ಪೆನ್ನಿನಲ್ಲಿ ತಿದ್ದಿ ಮತ್ತೊಂದು ಸಹಿ. ಕಾಗದ ಬರೆಯುವುದೇ ವೃತ್ತಿಯಾದವರು ಹೆಸರು ತಪ್ಪಿಸಬಾರದು. ಇಲ್ಲಿ ಅರ್ಧ ಅಂಕ ಹೋಯಿತು.

ಇನ್ನರ್ಧ ಹೋದದ್ದು ‘ರದ್ದತಿ ಪತ್ರ’ಕ್ಕೆ. ನೋಟರಿ ಸಹಿತ ಇನ್ನೂ 2,000 ಕೊಟ್ಟರೆ ಅದನ್ನೂ ಮಾಡಿಕೊಡುತ್ತೇನೆ ಎಂದು ಎರಡು ಸಲ ಕೇಳಿದರು. ಕರಾರಿನಲ್ಲೇ ನೋಟಿಸಿನ ಕಲಂ ಇರುವಾಗ, ಅದರ ಪ್ರಕಾರವೇ ನಾನು ಬಿಡುತ್ತಿರುವಾಗ, ಕಾಕಾ ಕೂಡ ಕೇಳದಿರುವಾಗ ನನಗೇಕೆ ಅದು? ಬೇಡ ಎಂದೆ. ಬೇಸರಿಸಿಕೊಳ್ಳಲಿಲ್ಲ, ಅಷ್ಟು ಒಳ್ಳೆಯದು.

ಫೆಬ್ರವರಿ 12, ಮನೆ ಒಪ್ಪಿಸುವ ದಿನ. ಹನ್ನೆರಡಕ್ಕೆ ಬರುತ್ತೇನೆ ಎಂದ ಅಂಗಡಿಯವರು ಬಂದದ್ದು ಎರಡಕ್ಕೆ. ಮಧ್ಯಾಹ್ನ ಒಂದರಿಂದ ನಾಲ್ಕು ಪುಣೆ ಮಲಗುವ ಹೊತ್ತು, ಕಾಕಾನ ಕಣ್ಣು ಆಗಲೇ ಎಳೆಯುತ್ತಿತ್ತು. ಕೆಳಗೆ ಟೆಂಪೋದವನು ಹಾರ್ನ್ ಬಾರಿಸುತ್ತಿದ್ದ. ಸೊಸೈಟಿಯ ಸೆಕ್ರೆಟರಿಯ ಸಹಿಯಿಲ್ಲದೆ ಒಂದು ಕುರ್ಚಿಯೂ ಗೇಟು ದಾಟದು ಎಂದು ವಾಚ್‌ಮನ್ ಪಟ್ಟು ಹಿಡಿದಿದ್ದ. ಈ ಗೇಟ್ ಪಾಸಿನ ವಿಷಯ ನನಗೆ ಮೊದಲೇ ಹೇಳಬೇಕಿತ್ತು. ಉಳಿದರ್ಧ ಅಂಕ ಅದಕ್ಕೆ.

ಆದರೆ ಮೇಲೆ ಬಂದು ಕುಳಿತ ಮೇಲೆ ಅವರ ಕಸುಬು ಕಾಣಿಸಿತು. ಕಾಕಾ ಇಡೀ ಫೆಬ್ರವರಿಯ ಬಾಡಿಗೆ ಹಿಡಿಯುತ್ತೇನೆ ಎಂದರು. ಬಣ್ಣ ಹೊಡೆಸಲು ಒಂದು ತಿಂಗಳ ಬಾಡಿಗೆ ಬೇರೆ. ಇಲ್ಲಿ ಅದು ರೂಢಿಯಂತೆ. ನಮ್ಮವರು ದನಿ ಏರಿಸಲಿಲ್ಲ. ನೋಟಿಸಿನ ಕಲಮನ್ನು ಮರಾಠಿಯಲ್ಲಿ ಎರಡು ಸಲ ಓದಿದರು: ‘ಒಂದು ತಿಂಗಳು’ ಎಂದಿದೆ, ತಿಂಗಳ ಕೊನೆಯವರೆಗೆ ಎಂದಿಲ್ಲ. 28ರಲ್ಲಿ 12 ದಿನ, 9,429 ರೂಪಾಯಿ. ಬಣ್ಣದ ಮಾತು ಕರಾರಿನಲ್ಲೇ ಇಲ್ಲ. ಮನೆಗೆ ಬಂದ ದಿನ ನಾನು ತೆಗೆದಿದ್ದ ಫೋಟೋಗಳನ್ನು ತೋರಿಸಿದೆ. ಹಾಲ್‌ನ ಗೋಡೆಯ ಕಲೆ ಆಗಲೂ ಇತ್ತು. ಒಲೆಯ ಹಿಂದಿನ ಗೋಡೆ ಮಾತ್ರ ನನ್ನ ಒಗ್ಗರಣೆಯದೇ, ಅದನ್ನು ಅಲ್ಲಗಳೆಯಲು ಬಾಯಿ ಬರಲಿಲ್ಲ. 4,000ಕ್ಕೆ ಒಪ್ಪಂದವಾಯಿತು. ಉಳಿದ 46,571 ಕಾಕಾನ ಮಗ ಅಲ್ಲೇ ಕುಳಿತು ನನ್ನ ಖಾತೆಗೆ ಹಾಕಿದ.

ನಾನು ಆಗಲೇ ಕೀಲಿಗೊಂಚಲು ಚಾಚಿದ್ದೆ. ‘ತಡೆಯಿರಿ ಅಕ್ಕಾ’ ಎಂದು ತಮ್ಮ ಅಂಗೈ ಅಡ್ಡ ಹಿಡಿದು, ಚೀಲದಿಂದ ತಾಬಾ ಪಾವತಿ ತೆಗೆದರು. ಮನೆಯ ಸ್ವಾಧೀನ ಮರಳಿ ಮಾಲೀಕರಿಗೆ ಹೋಯಿತು ಎಂಬ ಒಂದೇ ಪುಟದ ರಸೀದಿ ಅದು. ತಾರೀಖು, ಗಂಟೆ, ಕೀಲಿಗಳು ಮೂರು, ಕರೆಂಟ್ ಮೀಟರಿನ ಅಂಕಿ, ಗೀಸರ್ ಮತ್ತು ನಾಲ್ಕು ಫ್ಯಾನು ಸುಸ್ಥಿತಿಯಲ್ಲಿ, ಡಿಪಾಸಿಟಿನಲ್ಲಿ ಹಿಡಿದದ್ದೆಷ್ಟು, ಕೊಟ್ಟದ್ದೆಷ್ಟು, ಇನ್ನು ಪರಸ್ಪರ ಬಾಕಿ ಇಲ್ಲ. ಇಬ್ಬರ ಸಹಿ, ಇಬ್ಬರು ಸಾಕ್ಷಿ. ಒಬ್ಬ ಸಾಕ್ಷಿ ಆ ವಾಚ್‌ಮನ್ನೇ. ನೋಟಿಸನ್ನು ನಾನೇ ಬರೆದುಕೊಳ್ಳಬಹುದಿತ್ತು, ಲೆಕ್ಕ ಬ್ಯಾಂಕಿನವಳಿಗೆ ಕಷ್ಟವಲ್ಲ. ಈ ಹಾಳೆ ಮಾತ್ರ ನನಗೆ ಹೊಳೆಯುತ್ತಿರಲಿಲ್ಲ. ಮಾರ್ಚಿನಲ್ಲಿ ಕಾಕಾನ ಮಗ ಹುಬ್ಬಳ್ಳಿಗೆ ಫೋನ್ ಮಾಡಿ ಫೆಬ್ರವರಿಯ ಪೂರ್ತಿ ಕರೆಂಟ್ ಬಿಲ್ ಕೇಳಿದಾಗ ಈ ಹಾಳೆಯ ಫೋಟೋ ಕಳಿಸಿದೆ. ಮತ್ತೆ ಫೋನ್ ಬರಲಿಲ್ಲ.

ಮೊದಲು ಹೇಳಿದ್ದು 1,200, ತೆಗೆದುಕೊಂಡದ್ದು 1,500. ಮುನ್ನೂರು ಪೆಟ್ರೋಲಿಗಂತೆ, ಅಂಗಡಿಯಿಂದ ನಮ್ಮ ಮನೆಗೆ ನಡೆದರೆ ಆರು ನಿಮಿಷ. ಕೊಟ್ಟೆ. ರಸೀದಿ ಕೇಳಿದೆ. ಪುಸ್ತಕ ಖಾಲಿಯಾಗಿದೆ, ನಾಳೆ ವಾಟ್ಸಾಪ್ ಮಾಡುತ್ತೇನೆ ಎಂದರು. ಇನ್ನೂ ಬಂದಿಲ್ಲ.