ಬಾರ್ಬಡೋಸ್‌ಗೆ ಎರಡು ದಾರಿ: ಹಿರಿಯ ಪ್ರಯಾಣಿಕರಿಗೆ ಯಾವುದು ಹಿತ?

ಲಂಡನ್ನಿನಿಂದ ಕೆರಿಬಿಯನ್ ದ್ವೀಪರಾಷ್ಟ್ರ ಬಾರ್ಬಡೋಸ್‌ಗೆ ನೇರ ವಿಮಾನದಲ್ಲೂ ಹೋಗಬಹುದು, ಅಮೆರಿಕದ ಮಿಯಾಮಿಯಲ್ಲಿ ವಿಮಾನ ಬದಲಿಸಿಯೂ ಹೋಗಬಹುದು. ಎಪ್ಪತ್ತರ ಆಸುಪಾಸಿನಲ್ಲಿರುವ ನಾನು ಮತ್ತು ನಮ್ಮ ಯಜಮಾನರು ಎರಡೂ ದಾರಿಗಳನ್ನು ಕಂಡಿದ್ದೇವೆ. ಅವರಿಗೆ ಮಂಡಿನೋವು, ಇಬ್ಬರಿಗೂ ರಕ್ತದೊತ್ತಡದ ಮಾತ್ರೆ. ಆದ್ದರಿಂದ ಹೋಲಿಸುವಾಗ ನಾನು ಮೊದಲು ನೋಡುವುದು ಆ ಒಂದು ದಿನದಲ್ಲಿ ಎಷ್ಟು ಸಲ ಎದ್ದು ಸಾಲಿನಲ್ಲಿ ನಿಲ್ಲಬೇಕು ಎಂಬುದನ್ನು. ಟಿಕೆಟ್ ದರ ಆಮೇಲಿನ ಮಾತು.

ನೇರ ವಿಮಾನಕ್ಕೆ ಸುಮಾರು ಒಂಬತ್ತು ಗಂಟೆ ಹಿಡಿಯುತ್ತದೆ. ದ್ವೀಪದ ಗಡಿಯಾರ ಲಂಡನ್ನಿಗಿಂತ ಚಳಿಗಾಲದಲ್ಲಿ ನಾಲ್ಕು ಗಂಟೆ, ಬೇಸಿಗೆಯಲ್ಲಿ ಐದು ಗಂಟೆ ಹಿಂದಿರುವುದರಿಂದ, ಬೆಳಗಿನ ತಿಂಡಿ ಮುಗಿಸಿ ಹೊರಟವರು ಮಧ್ಯಾಹ್ನ ಇನ್ನೂ ಬಿಸಿಲಿರುವಾಗಲೇ ಗ್ರ್ಯಾಂಟ್ಲಿ ಆಡಮ್ಸ್ ವಿಮಾನ ನಿಲ್ದಾಣದಲ್ಲಿ ಇಳಿಯುತ್ತಾರೆ. ಕತ್ತಲಾಗುವ ಮೊದಲೇ ಕೋಣೆ ಸೇರಿ, ರಾತ್ರಿಯ ಮಾತ್ರೆಯನ್ನು ಹೆಚ್ಚೂಕಡಿಮೆ ಅದರ ಹೊತ್ತಿಗೇ ನುಂಗಿ ಮಲಗಬಹುದು. ನಾವು ಇಳಿದಾಗ ವಿಮಾನದ ಬಾಗಿಲಿನಿಂದ ಮೆಟ್ಟಿಲೇ ಗತಿಯಾಗಿತ್ತು. ಮಂಡಿ ನೋಯುವವರು ಟಿಕೆಟ್ ಕಾಯ್ದಿರಿಸುವಾಗಲೇ ‘ಮೆಟ್ಟಿಲು ಇಳಿಯಲಾಗದು’ ಎಂದು ಸ್ಪಷ್ಟವಾಗಿ ತಿಳಿಸಿರಬೇಕು. ಬರಿಯ ‘ಗಾಲಿಕುರ್ಚಿ ಬೇಕು’ ಎಂದರೆ ಸಾಲದು, ಏಕೆಂದರೆ ನಡೆಯಲು ಕಷ್ಟಪಡುವವರಿಗೂ ಮೆಟ್ಟಿಲು ಹತ್ತಿಳಿಯಲಾಗದವರಿಗೂ ವಿಮಾನ ಸಂಸ್ಥೆಯವರಲ್ಲಿ ಬೇರೆ ಬೇರೆ ವ್ಯವಸ್ಥೆಯಿದೆ.

ಮಿಯಾಮಿಯ ದಾರಿ ಟಿಕೆಟ್ಟಿನಲ್ಲಿ ಅಗ್ಗವಾಗಿ ಕಂಡಿತ್ತು. ಲಂಡನ್ನಿನಿಂದ ಮಿಯಾಮಿಗೆ ಹತ್ತು ಗಂಟೆಯ ಹತ್ತಿರ, ಅಲ್ಲಿಂದ ಬಾರ್ಬಡೋಸ್‌ಗೆ ನಾಲ್ಕು ಗಂಟೆಗೆ ಸ್ವಲ್ಪ ಕಡಿಮೆ. ಕಷ್ಟವಿರುವುದು ಇವೆರಡರ ನಡುವೆ. ಅಮೆರಿಕದಲ್ಲಿ ಬೇರೆ ದೇಶಕ್ಕೆ ಹೋಗುವವರು ಕೂಡ ಆ ದೇಶದೊಳಕ್ಕೆ ಕಾಲಿಟ್ಟೇ ಮುಂದೆ ಸಾಗಬೇಕು. ವಲಸೆ ತಪಾಸಣೆಯ ಸಾಲು, ಸೂಟ್‌ಕೇಸು ಇಳಿಸಿಕೊಳ್ಳುವುದು, ಕಸ್ಟಮ್ಸ್, ಅದೇ ಸೂಟ್‌ಕೇಸನ್ನು ಮತ್ತೆ ಒಪ್ಪಿಸುವುದು, ಬೆಲ್ಟು ಬಿಚ್ಚಿ ಇನ್ನೊಮ್ಮೆ ಭದ್ರತಾ ತಪಾಸಣೆ, ಇಷ್ಟೂ ಆದ ಮೇಲೆ ದೂರದ ಗೇಟು. ಬ್ರಿಟಿಷ್ ಪಾಸ್‌ಪೋರ್ಟ್ ಇರುವ ನನಗೆ ಆನ್‌ಲೈನ್ ಅನುಮತಿಯಾದ ಎಸ್ಟಾ ಸಾಕಾಯಿತು. ಭಾರತದ ಪಾಸ್‌ಪೋರ್ಟನ್ನೇ ಉಳಿಸಿಕೊಂಡಿರುವ ಯಜಮಾನರಿಗೆ, ವಿಮಾನ ಬದಲಿಸುವುದಕ್ಕಷ್ಟೇ ಆದರೂ ಅಮೆರಿಕದ ವೀಸಾ ಬೇಕು. ತಮಾಷೆಯೆಂದರೆ, ನಾವು ಹೋಗಬೇಕಾದ ಬಾರ್ಬಡೋಸ್ ಭಾರತೀಯರಿಂದ 90 ದಿನಗಳವರೆಗೆ ವೀಸಾ ಕೇಳುವುದೇ ಇಲ್ಲ.

ಕಸ್ಟಮ್ಸ್‌ನಲ್ಲಿ ನಮ್ಮ ಚಟ್ನಿಪುಡಿಯ ಡಬ್ಬಿಗೂ ವಿಚಾರಣೆ ನಡೆಯಿತು. ಅಧಿಕಾರಿ ಮುಚ್ಚಳ ತೆರೆದು, ಮೂಸಿ, ಜೋರಾಗಿ ಸೀನಿದರು. ಕಡಲೆಬೇಳೆ, ಒಣಮೆಣಸಿನಕಾಯಿ, ಕೊಬ್ಬರಿ ಎಂದು ಯಜಮಾನರು ಒಂದೊಂದಾಗಿ ವಿವರಿಸಿದ ಮೇಲೆ ನಗುತ್ತಲೇ ಡಬ್ಬಿಯನ್ನು ಹಿಂದಿರುಗಿಸಿದರು. ತಿಂಡಿ ಒಯ್ಯುವವರು ಮುಚ್ಚಿಡದೆ ತಿಳಿಸುವುದು ಒಳ್ಳೆಯದು.

ಗಾಲಿಕುರ್ಚಿಯ ನೆರವು ಎರಡೂ ಕಡೆ ಉಚಿತ. ಬ್ರಿಟನ್ನಿನಲ್ಲಿ ಅದು ವಿಮಾನ ನಿಲ್ದಾಣದ ಹೊಣೆ, 48 ಗಂಟೆ ಮೊದಲು ತಿಳಿಸಬೇಕು; ಅಮೆರಿಕದಲ್ಲಿ ವಿಮಾನ ಸಂಸ್ಥೆಯ ಹೊಣೆ, ಕುರ್ಚಿ ತಳ್ಳಿದವರ ಕೈಗೆ ಭಕ್ಷೀಸು ಇಡುವುದು ರೂಢಿ.

ಮಿಯಾಮಿಯ ಪರವಾಗಿ ಹೇಳಬಹುದಾದ ಮಾತೂ ಒಂದಿದೆ. ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಅಲ್ಲಾಡದೆ ಕುಳಿತು ಪ್ರಯಾಣಿಸಿದರೆ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಸಾಧ್ಯತೆ ಸುಮಾರು ಎರಡು ಪಟ್ಟಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ 2007ರ ವರದಿ ಹೇಳಿತ್ತು. ಒಟ್ಟಾರೆ ಅಪಾಯ 6,000ದಲ್ಲಿ ಒಬ್ಬರಿಗೆ ಎಂಬಷ್ಟು ಚಿಕ್ಕದೆಂದೂ ಅದೇ ವರದಿಯಲ್ಲಿದೆ. ನಡುವೆ ಇಳಿದರೆ ಕಾಲಿಗೆ ನಡಿಗೆ ಸಿಗುತ್ತದೆ ಎಂಬ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ನೇರ ವಿಮಾನದಲ್ಲಿ ನಡುದಾರಿಯ ಪಕ್ಕದ ಸೀಟು ಹಿಡಿದು ಆಗಾಗ ಎದ್ದು ಓಡಾಡಿದರೆ, ವೈದ್ಯರು ಒಪ್ಪಿದರೆ ಬಿಗಿ ಕಾಲುಚೀಲ ಧರಿಸಿದರೆ, ಆ ಕೊರತೆ ಬಹುಮಟ್ಟಿಗೆ ನೀಗುತ್ತದೆ. ಮಿಯಾಮಿಯಿಂದ ನಾವು ದ್ವೀಪ ತಲುಪಿದಾಗ ಅಲ್ಲಿ ರಾತ್ರಿ ಹತ್ತು ದಾಟಿತ್ತು, ನಮ್ಮ ಮೈಗೆ ಆಗಲೇ ನಸುಕು.

ಇಳಿದ ಮೇಲಿನ ರಸ್ತೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ನೆರೆಯ ಸೇಂಟ್ ಲೂಸಿಯಾಕ್ಕೂ ಲಂಡನ್ನಿನಿಂದ ಹೆಚ್ಚೂಕಡಿಮೆ ಅಷ್ಟೇ ಹೊತ್ತಿನ ನೇರ ವಿಮಾನವಿದೆ. ಆದರೆ ಹೆವನೋರಾ ನಿಲ್ದಾಣ ದ್ವೀಪದ ದಕ್ಷಿಣ ತುದಿಯಲ್ಲಿದ್ದು, ಬಹಳಷ್ಟು ಹೋಟೆಲುಗಳು ಉತ್ತರದ ರಾಡ್ನಿ ಬೇ ಸುತ್ತಮುತ್ತ ಇವೆ. ನಡುವೆ ಸುಮಾರು ಒಂದೂವರೆ ಗಂಟೆಯ, ಆಗುಂಬೆ ಘಾಟಿಯನ್ನು ನೆನಪಿಸುವ ತಿರುವುಗಳ ದಾರಿ. ಒಂಬತ್ತು ಗಂಟೆ ಕುಳಿತು ಬಂದ ಸೊಂಟಕ್ಕೆ ಅದು ಶಿಕ್ಷೆಯೇ ಸರಿ. ಬಾರ್ಬಡೋಸ್ ಬಹುಪಾಲು ತಗ್ಗಿನ ಸುಣ್ಣಕಲ್ಲಿನ ನೆಲ. ಪಶ್ಚಿಮ ತೀರಕ್ಕೆ ಮುಕ್ಕಾಲು ಗಂಟೆ ಸಾಕು. ಅಲ್ಲಿ ಟ್ಯಾಕ್ಸಿಗೆ ಮೀಟರ್ ಇರುವುದಿಲ್ಲ, ಹತ್ತುವ ಮೊದಲೇ ದರ ಕೇಳಿಕೊಳ್ಳಬೇಕು. ಎರಡು ಬಾರ್ಬಡೋಸ್ ಡಾಲರಿಗೆ ಒಂದು ಅಮೆರಿಕನ್ ಡಾಲರ್ ಎಂಬುದು ನೆನಪಿದ್ದರೆ ಲೆಕ್ಕ ಸುಲಭ.

ಹಿಂದಿರುಗುವಾಗ ಎರಡೂ ದಾರಿಗಳಲ್ಲಿ ನಿದ್ದೆಗೆಡಬೇಕಾಯಿತು. ನೇರ ವಿಮಾನ ಸಂಜೆ ಹೊರಟು ಸುಮಾರು ಎಂಟು ಗಂಟೆಯಲ್ಲಿ ಲಂಡನ್ನಿನ ಬೆಳಗಿಗೆ ತಂದಿಳಿಸುತ್ತದೆ. ಅಗಲ ಸೀಟಿಗೆ ಹೆಚ್ಚು ಹಣ ಕೊಡುವ ಮನಸ್ಸಿದ್ದರೆ ಹೋಗುವಾಗ ಬೇಡ, ಬರುವಾಗ ಕೊಡಿ.

ಬೆಂಗಳೂರಿನಿಂದ ಬರುವ ಹಿರಿಯರು ಇನ್ನೊಂದನ್ನು ಗಮನಿಸಬೇಕು. ಬೆಂಗಳೂರಿನ ನೇರ ವಿಮಾನ ಇಳಿಯುವುದು ಲಂಡನ್ನಿನ ಹೀಥ್ರೂ ನಿಲ್ದಾಣದಲ್ಲಿ. ಬಾರ್ಬಡೋಸ್ ವಿಮಾನ ಅಲ್ಲಿನ ಇನ್ನೊಂದು ನಿಲ್ದಾಣವಾದ ಗ್ಯಾಟ್‌ವಿಕ್‌ನಿಂದ ಹೊರಡುವುದಾದರೆ ನಡುವೆ ಒಂದು ಗಂಟೆಗೂ ಮೀರಿದ ರಸ್ತೆ ಪ್ರಯಾಣವಿರುತ್ತದೆ, ಅದಕ್ಕೆ ಬ್ರಿಟನ್ನಿನ ವೀಸಾ ಕೂಡ ಬೇಕು. ಹಾಗಿದ್ದಲ್ಲಿ ಎರಡನ್ನೂ ಒಂದೇ ದಿನಕ್ಕೆ ಜೋಡಿಸದೆ ಲಂಡನ್ನಿನಲ್ಲಿ ಒಂದೆರಡು ರಾತ್ರಿ ತಂಗಿ, ನೇರ ವಿಮಾನವನ್ನೇ ಹಿಡಿಯುವುದು ಲೇಸು.