ಎರಡು ವರ್ಷದ ಮಿಲಿಟರಿ ಕಾಲೇಜು: ದುಡ್ಡು ಕಟ್ಟುವ ಮುಂಚೆ ಪಾಸ್‌ಪೋರ್ಟ್ ನೋಡಿಕೊಳ್ಳಿ

ಅಮೆರಿಕದಲ್ಲಿ ಗ್ರೀನ್ ಕಾರ್ಡ್ ಮೇಲಿರುವ ನಮ್ಮವರು ಇದನ್ನು ದಯವಿಟ್ಟು ಓದಿ. ಇಲ್ಲಿ ಕೆಲವು ಮಿಲಿಟರಿ ಜೂನಿಯರ್ ಕಾಲೇಜುಗಳಿವೆ. ಹನ್ನೆರಡನೇ ಕ್ಲಾಸ್ ಮುಗಿಸಿ ಸೇರಿದರೆ ಎರಡು ವರ್ಷಕ್ಕೆ ಅಸೋಸಿಯೇಟ್ ಡಿಗ್ರಿ (ಬ್ಯಾಚುಲರ್ಸ್‌ಗಿಂತ ಕೆಳಗಿನದು), ಜೊತೆಗೆ ಆರ್ಮಿ ಆರ್‌ಒಟಿಸಿ, ಅಂದರೆ ಕಾಲೇಜಿನಲ್ಲೇ ಸೇನೆಯ ಆಫೀಸರ್ ತರಬೇತಿ ಕೊಡುವ ವ್ಯವಸ್ಥೆ, ಅದರ ಮೂಲಕ ಸೆಕೆಂಡ್ ಲೆಫ್ಟಿನೆಂಟ್ ಹುದ್ದೆ. ಅಲಬಾಮಾದ ಮೇರಿಯನ್, ನ್ಯೂ ಮೆಕ್ಸಿಕೋದ ರಾಸ್ವೆಲ್ ಊರುಗಳಲ್ಲಿ ಇಂಥವು ನಡೆಯುತ್ತಿವೆ. ಮಿಸೂರಿಯ ವೆಂಟ್‌ವರ್ತ್ ಅನ್ನುವ ಕಾಲೇಜು 2017ರಲ್ಲಿ ಬಾಗಿಲು ಹಾಕಿತು.

ನನ್ನ ಮಗ ಸೇರಿದ್ದು ಇಂಥದ್ದೇ ಒಂದಕ್ಕೆ. ಹೆಸರು ಬೇಡ. ಅಡ್ಮಿಷನ್ ಆಫೀಸಿನವರಿಗೆ ಫೋನಿನಲ್ಲಿ ಬಿಡಿಸಿ ಕೇಳಿದ್ದೆ: ‘ನಮ್ಮದು ಗ್ರೀನ್ ಕಾರ್ಡ್, ತೊಂದರೆ ಇಲ್ವಾ?’ ‘ಏನೂ ಇಲ್ಲ, ಗ್ರೀನ್ ಕಾರ್ಡ್‌ನವರು ಸೇನೆಗೆ ಸೇರಬಹುದು’ ಅಂದರು. ಮಾತು ಸುಳ್ಳಲ್ಲ, ಅದೇ ಮೋಸ. ಗ್ರೀನ್ ಕಾರ್ಡ್ ಇದ್ದವರು ಸಿಪಾಯಿಯಾಗಿ ಸೇರಬಹುದು. ಆಫೀಸರ್ ಆಗಲು ಅಮೆರಿಕದ ಪೌರತ್ವವೇ ಬೇಕು.

ಇದು ಗೊತ್ತಾಗಿದ್ದು ಫೀಸು, ಹಾಸ್ಟೆಲ್, ಯೂನಿಫಾರ್ಮ್ ಎಲ್ಲಕ್ಕೂ ದುಡ್ಡು ಕಟ್ಟಿ, ಹುಡುಗನ ತಲೆ ಬೋಳಿಸಿದ ಮೇಲೆ. ಸ್ಕಾಲರ್‌ಶಿಪ್ ಕರಾರಿಗೆ ಸಹಿ ಹಾಕಲು ಆರ್‌ಒಟಿಸಿ ಆಫೀಸಿಗೆ ಹೋದ. ಅಲ್ಲಿದ್ದ ಸಾರ್ಜೆಂಟ್ ಅವನ ಭಾರತದ ಪಾಸ್‌ಪೋರ್ಟ್ ತಿರುಗಿಸಿ ನೋಡಿ, ಹಾಗೇ ಮೇಜಿನ ಮೇಲೆ ವಾಪಸ್ ಸರಿಸಿದರಂತೆ. ಕರಾರು ಇಲ್ಲ ಅಂದರೆ ಸ್ಕಾಲರ್‌ಶಿಪ್ ಇಲ್ಲ, ತಿಂಗಳ ಭತ್ಯೆ ಇಲ್ಲ, ಬೇಸಿಗೆಯ ದೊಡ್ಡ ಕ್ಯಾಂಪ್ ಇಲ್ಲ. ಬೆಳಗಿನ ಜಾವದ ಓಟ, ಬೂಟ್ ಪಾಲಿಶ್ ಮಾತ್ರ ಎಲ್ಲರಂತೆ ಇವನಿಗೂ ಇತ್ತು!

ಪೌರತ್ವದ್ದೂ ಒಂದು ಗಂಟಿದೆ. ಗ್ರೀನ್ ಕಾರ್ಡ್ ಇರುವ ಮಗುವಿಗೆ 18 ತುಂಬುವ ಮೊದಲು ಅಪ್ಪನೋ ಅಮ್ಮನೋ ಪೌರತ್ವ ಪಡೆದರೆ, ಜೊತೆಗಿರುವ ಮಗುವಿಗೂ ತಾನಾಗಿ ಸಿಗುತ್ತದೆ. ತುಂಬಿದ ಮೇಲೆ ಅವರೇ ಬೇರೆ ಅರ್ಜಿ ಹಾಕಿ ಕಾಯಬೇಕು. ನಮ್ಮ ಪ್ರಮಾಣವಚನದ ಹೊತ್ತಿಗೆ ಮಗನಿಗೆ 18 ದಾಟಿತ್ತು.

ಪೌರತ್ವ ಇದ್ದವರೂ ಒಂದು ವಿಷಯ ತಿಳಿದಿರಿ. ಎರಡು ವರ್ಷಕ್ಕೆ ಭುಜದ ಮೇಲೆ ಪಟ್ಟಿ ಬರುತ್ತದೆ ನಿಜ, ಆದರೆ ಪೂರ್ಣಾವಧಿ ಸೇನೆಗೆ ಆಗಲೇ ಹೋಗುವಂತಿಲ್ಲ. ರಿಸರ್ವ್ ಅಥವಾ ನ್ಯಾಷನಲ್ ಗಾರ್ಡ್ ಅನ್ನುವ ಅರೆಕಾಲಿಕ ಪಡೆಯಲ್ಲಿದ್ದುಕೊಂಡು, ಬೇರೆ ಕಾಲೇಜಿನಲ್ಲಿ ಬ್ಯಾಚುಲರ್ಸ್ ಮುಗಿಸಬೇಕು. ಆ ಖರ್ಚನ್ನು ಬ್ರೋಶರಿನಲ್ಲಿ ಯಾರೂ ದೊಡ್ಡ ಅಕ್ಷರದಲ್ಲಿ ಹಾಕಲ್ಲ. ಮಗ ಎಂಜಿನಿಯರಿಂಗ್‌ಗೆ ಹೋದಾಗ ಮಿಲಿಟರಿ ಸೈನ್ಸ್ ಕ್ರೆಡಿಟ್‌ಗಳನ್ನು ಡಿಗ್ರಿಗೆ ಬೇಕಾದ ಯಾವ ವಿಷಯಕ್ಕೂ ಲೆಕ್ಕ ಹಿಡಿಯಲಿಲ್ಲ. ವೈದ್ಯಕೀಯ ಪರೀಕ್ಷೆಯೂ ಬಿಗಿ. 13 ತುಂಬಿದ ಮೇಲೂ ಆಸ್ತಮಾ ಇತ್ತು ಅಂದರೆ ವಿಶೇಷ ವಿನಾಯಿತಿ ಇಲ್ಲದೆ ದಾಟುವುದಿಲ್ಲ.

ಊರಿನಿಂದಲೂ ಕೆಲವರು ‘ನಮ್ಮ ಹುಡುಗನನ್ನೂ ಕಳಿಸೋಣ್ವಾ’ ಅಂತ ಕೇಳುತ್ತಾರೆ, ಬೆಳಗಾವಿಯ ಮಿಲಿಟರಿ ಶಾಲೆಯ ಹಾಗೆ ಅಂದುಕೊಂಡು. ಸ್ಟೂಡೆಂಟ್ ವೀಸಾದಲ್ಲಿ ಬಂದು ಓದಬಹುದಷ್ಟೇ, ಆಫೀಸರ್ ಆಗಲಾರರು. ಬರೀ ಶಿಸ್ತಿಗೆ ಅಷ್ಟು ಡಾಲರ್ ಸುರಿಯುವುದು ನನ್ನ ಪ್ರಕಾರ ದಂಡ.

ಅಡ್ಮಿಷನ್ ಆಫೀಸಿನ ಮಾತು ನೆಚ್ಚಬೇಡಿ, ಅವರಿಗೆ ಸೀಟು ತುಂಬಬೇಕು. ಕಾಲೇಜಿನೊಳಗೇ ಇರುವ ಆರ್‌ಒಟಿಸಿ ಆಫೀಸಿಗೆ ನೀವೇ ಇಮೇಲ್ ಮಾಡಿ, ಉತ್ತರ ಬರಹದಲ್ಲೇ ತರಿಸಿಕೊಳ್ಳಿ. ಮುಂದೆ ಸೇರಬೇಕೆಂದಿರುವ ಯೂನಿವರ್ಸಿಟಿ ಯಾವ ಕ್ರೆಡಿಟ್ ಒಪ್ಪುತ್ತದೆ ಅಂತ ಅಲ್ಲೇ ಕೇಳಿ. ಸೀಟು ಬಿಟ್ಟರೆ ಯಾವ ತಾರೀಖಿನವರೆಗೆ ದುಡ್ಡು ವಾಪಸ್ ಅನ್ನುವುದನ್ನೂ ನೋಡಿಕೊಳ್ಳಿ. ನಮಗೆ ಆ ಸಾರ್ಜೆಂಟ್ ವಿಷಯ ಹೇಳಿದ್ದು ಆ ತಾರೀಖು ಕಳೆದ ಮೇಲೆ.