ಇಟಿಎಫ್: ಮೂರು ವರ್ಷ ಇಟ್ಟುಕೊಂಡು ನೋಡಿದ ಮೇಲೆ

ಅಡಿಕೆ ಕೊನೆ ಇಳಿಸುವ ಕಾರ್ಬನ್ ದೋಟಿ ಕೊಳ್ಳುವ ಮೊದಲು ನಮ್ಮ ಮನೆಯವರು ಊರಿಡೀ ವಿಚಾರಿಸಿದ್ದರು. ಭಾರ ಎಷ್ಟು, ಪೂರ್ತಿ ಎತ್ತಿದಾಗ ಬಾಗುತ್ತದಾ, ಒಂದು ತುಂಡು ಮುರಿದರೆ ಅದೊಂದೇ ಸಿಗುತ್ತದಾ ಅಂತೆಲ್ಲ ಕೇಳಿ, ಕೊನೆಗೆ ತಗೊಂಡವರ ತೋಟಕ್ಕೇ ಹೋಗಿ ನಾಲ್ಕು ಕೊನೆ ಇಳಿಸಿ ನೋಡಿ ಬಂದರು. ಅದೇ ಮನುಷ್ಯ, ದೋಟಿಗಿಂತ ಎಷ್ಟೋ ಪಟ್ಟು ಜಾಸ್ತಿ ದುಡ್ಡು ಕಟ್ಟುವ ಇನ್ಶೂರೆನ್ಸ್ ಪಾಲಿಸಿಗೆ, ಪರಿಚಯದವರು ಮನೆಗೆ ಬಂದು ಕಾಫಿ ಕುಡಿದು ಏಳುವಷ್ಟರಲ್ಲಿ ಸೈನ್ ಹಾಕಿಬಿಟ್ಟರು. ಅದಕ್ಕೇ ಈ ರಿವ್ಯೂ. ಇಟಿಎಫ್ ಕೂಡ ಒಂದು ಸಾಮಾನು. ದೋಟಿಯನ್ನು ನೋಡಿದ ಹಾಗೇ ಅದನ್ನೂ ನೋಡೋಣ.

ನಾವಿರುವುದು ತೀರ್ಥಹಳ್ಳಿ ಕಡೆ. ಎರಡು ಎಕರೆ ಅಡಿಕೆ, ಮರಕ್ಕೆ ಹಬ್ಬಿಸಿದ ಕಾಳುಮೆಣಸು. ತೋಟ ಅವರದು, ಲೆಕ್ಕದ ಪುಸ್ತಕ ನನ್ನದು. 2022ರ ಮಳೆಗಾಲದಲ್ಲಿ ಮೆಣಸು ಮಾರಿದ ದುಡ್ಡು ಸ್ವಲ್ಪ ಕೈಯಲ್ಲಿತ್ತು. ಬೆಂಗಳೂರಲ್ಲಿ ಕೆಲಸ ಮಾಡುವ ನಮ್ಮಕ್ಕನ ಮಗ, ‘ಚಿಕ್ಕಮ್ಮ, ಎಲ್ಲಾ ಎಫ್‌ಡಿಗೆ ಹಾಕಬೇಡಿ, ಒಂದಿಷ್ಟು ನಿಫ್ಟಿ ಇಟಿಎಫ್ ತಗೊಂಡು ಸುಮ್ನೆ ಇಡಿ’ ಎಂದ. ಆಗ ಒಂದು ಯೂನಿಟ್‌ಗೆ ಇನ್ನೂರು ರೂಪಾಯಿಯೂ ಇರಲಿಲ್ಲ. ಹೋದರೆ ಹೋಗಲಿ, ಒಂದು ಊಟದ ದುಡ್ಡು ಅಂತ ಶುರು ಮಾಡಿದೆ.

ಮೊದಲು ಸಾಮಾನು ಏನು ಅಂತ ಹೇಳುತ್ತೇನೆ. ಇಟಿಎಫ್ ಅಂದರೆ ಎಕ್ಸ್‌ಚೇಂಜ್ ಟ್ರೇಡೆಡ್ ಫಂಡ್. ಇದೂ ಮ್ಯೂಚುವಲ್ ಫಂಡೇ, ಅಂದರೆ ತುಂಬಾ ಜನರ ದುಡ್ಡು ಒಟ್ಟು ಸೇರಿಸಿ ಹೂಡುವುದು. ಆದರೆ ಷೇರಿನ ಹಾಗೆ ಪೇಟೆಯಲ್ಲಿ, ಬೆಳಿಗ್ಗೆ 9.15ರಿಂದ ಮಧ್ಯಾಹ್ನ 3.30ರವರೆಗೆ, ಆ ಹೊತ್ತಿನ ರೇಟಿಗೆ ಕೊಳ್ಳಬೇಕು, ಮಾರಬೇಕು. ನಿಫ್ಟಿ ಇಟಿಎಫ್ ತಗೊಂಡರೆ ನಿಫ್ಟಿ ಪಟ್ಟಿಯಲ್ಲಿರುವ 50 ದೊಡ್ಡ ಕಂಪನಿಗಳಲ್ಲೂ ಒಂದೊಂದು ಚೂರು ನಮ್ಮದು. ಪಟ್ಟಿಯಲ್ಲಿ ಯಾವ ಕಂಪನಿಗೆ ಎಷ್ಟು ತೂಕವೋ ಫಂಡಿನಲ್ಲೂ ಅಷ್ಟೇ. ಯಾವುದು ಏರುತ್ತದೆ ಅಂತ ತಲೆ ಓಡಿಸುವ ಮ್ಯಾನೇಜರ್ ಇಲ್ಲಿ ಇಲ್ಲ. ಪಟ್ಟಿಯಿಂದ ಒಂದು ಕಂಪನಿ ಬಿದ್ದರೆ ಫಂಡಿನಿಂದಲೂ ಹೊರಗೆ, ಹೊಸದು ಬಂದರೆ ಒಳಗೆ. ಕಂಪನಿಗಳು ಕೊಡುವ ಡಿವಿಡೆಂಡ್, ಅಂದರೆ ಲಾಭದ ಪಾಲು, ನನ್ನ ಫಂಡಿನಲ್ಲಿ ಕೈಗೆ ಬರುವುದಿಲ್ಲ, ಒಳಗೇ ಸೇರಿಕೊಳ್ಳುತ್ತದೆ.

ಇದು ನಿನ್ನೆ ಮೊನ್ನೆ ಬಂದದ್ದಲ್ಲ. ಅಮೆರಿಕದಲ್ಲಿ 1993ರಿಂದ ಇದೆ. ನಮ್ಮಲ್ಲಿ ಮೊದಲು ಬಂದದ್ದು 2001ರ ಡಿಸೆಂಬರ್ ಕೊನೆಯಲ್ಲಿ, ನಿಫ್ಟಿ ಬೀಸ್ ಅನ್ನುವ ಹೆಸರಲ್ಲಿ. ಬೆಂಚ್‌ಮಾರ್ಕ್ ಅನ್ನುವ ಫಂಡ್ ಕಂಪನಿ ಶುರು ಮಾಡಿದ್ದು. ಆಮೇಲೆ ಗೋಲ್ಡ್‌ಮನ್ ಸ್ಯಾಕ್ಸ್‌ಗೆ ಹೋಯಿತು, ಅಲ್ಲಿಂದ ರಿಲಯನ್ಸ್‌ಗೆ, ಈಗ ನಿಪ್ಪಾನ್ ಇಂಡಿಯಾ. ತೋಟ ಕೈ ಬದಲಾದರೂ ಮರ ಅಲ್ಲೇ ನಿಂತಿರುವ ಹಾಗೆ, ಒಳಗಿನ ಷೇರುಗಳು ಯೂನಿಟ್ ಇಟ್ಟುಕೊಂಡವರ ಪಾಲಿಗೇ ಉಳಿದವು. ನಿಮ್ಮ ಮನೆಯಲ್ಲಿ ಯಾರಿಗಾದರೂ ಸಂಬಳದಲ್ಲಿ ಪಿಎಫ್ ಕಟ್ ಆಗುತ್ತಿದ್ದರೆ, ಪಿಎಫ್ ಸಂಸ್ಥೆಯೇ 2015ರಿಂದ ಹೊಸದಾಗಿ ಬರುವ ದುಡ್ಡಲ್ಲಿ ಒಂದು ಪಾಲು ಇಟಿಎಫ್‌ಗೆ ಹಾಕುತ್ತಿದೆ. ಅಂದರೆ ನಮಗೆ ಗೊತ್ತಿಲ್ಲದೇ ಎಷ್ಟೋ ಜನ ಇದನ್ನು ಇಟ್ಟುಕೊಂಡಿದ್ದೇವೆ.

ನನಗೆ ಇಷ್ಟ ಆಗಿದ್ದು ಖರ್ಚು. ದೊಡ್ಡ ನಿಫ್ಟಿ ಇಟಿಎಫ್‌ಗಳಲ್ಲಿ ವರ್ಷದ ಖರ್ಚು ಶೇಕಡಾ 0.05ರ ಆಸುಪಾಸು. ಲಕ್ಷ ರೂಪಾಯಿ ಇದ್ದರೆ ವರ್ಷಕ್ಕೆ ಐವತ್ತು ರೂಪಾಯಿ. ಏಜೆಂಟರ ಮೂಲಕ ತಗೊಳ್ಳುವ ಮಾಮೂಲಿ ಈಕ್ವಿಟಿ ಫಂಡಿನಲ್ಲಿ ಇದು ಒಂದೂವರೆಯಿಂದ ಎರಡು ಪರ್ಸೆಂಟ್ ಇರುವುದುಂಟು. ಅಂದರೆ ಅದೇ ಲಕ್ಷಕ್ಕೆ ಸಾವಿರದ ಐನೂರು, ಎರಡು ಸಾವಿರ. ಲಾಭ ಬಂದರೂ ಕಟ್, ನಷ್ಟ ಆದರೂ ಕಟ್. ಇಟಿಎಫ್‌ನಲ್ಲಿ ಏಜೆಂಟರ ಕಮಿಷನ್ ಇಲ್ಲ. ಕಮಿಷನ್ ಇಲ್ಲದ ಸಾಮಾನನ್ನು ಹಿಡಿದುಕೊಂಡು ಯಾರು ತಾನೇ ನಮ್ಮ ಮನೆಯ ಏರು ಹತ್ತಿ ಕಾಫಿಗೆ ಬರುತ್ತಾರೆ?

ತಗೊಳ್ಳಲು ಡಿಮ್ಯಾಟ್ ಖಾತೆ, ಅಂದರೆ ಷೇರು, ಯೂನಿಟ್‌ಗಳನ್ನು ಕಾಗದವಿಲ್ಲದೇ ಇಟ್ಟುಕೊಳ್ಳುವ ಖಾತೆ, ಬೇಕೇ ಬೇಕು. ಪ್ಯಾನ್, ಆಧಾರ್, ಬ್ಯಾಂಕ್ ಪಾಸ್‌ಬುಕ್, ಆಧಾರ್‌ಗೆ ಸೇರಿಸಿದ ಮೊಬೈಲ್ ನಂಬರ್ ಇದ್ದರೆ ಸಾಕು. ಎಲ್ಲ ಫೋನಿನಲ್ಲೇ ಆಯಿತು, ಓಟಿಪಿ ಬಂದಾಗಲೆಲ್ಲ ಅಂಗಳದ ತುದಿಯ ನುಗ್ಗೆ ಮರದ ಹತ್ತಿರ ಓಡಿದ್ದು ಬಿಟ್ಟರೆ. ಒಂದು ಮಾತು: ಬೇಸಿಕ್ ಸರ್ವಿಸಸ್ ಡಿಮ್ಯಾಟ್ ಅಂತ ಇದೆ. ಅದರಲ್ಲಿ ಒಟ್ಟು ಬೆಲೆ ನಾಲ್ಕು ಲಕ್ಷದೊಳಗೆ ಇದ್ದರೆ ವರ್ಷದ ನಿರ್ವಹಣೆ ಶುಲ್ಕ ಇಲ್ಲ. ಕೇಳಿ ಮಾಡಿಸಿಕೊಳ್ಳಿ. ನಾಮಿನಿ ಹೆಸರು ಮರೆಯದೇ ಹಾಕಿ.

ಇನ್ನು ನಾನು ಪೆಟ್ಟು ತಿಂದ ವಿಷಯ. ಇದನ್ನು ಓದದೇ ಯಾರೂ ಕೊಳ್ಳಬೇಡಿ.

ಎರಡನೇ ತಿಂಗಳಿಗೇ ಧೈರ್ಯ ಜಾಸ್ತಿಯಾಗಿ, ನಿಫ್ಟಿ ಬಿಟ್ಟು ಇನ್ನೊಂದು ಇಟಿಎಫ್ ತಗೊಳ್ಳೋಣ ಅನ್ನಿಸಿತು. ಹೆಸರು ಬೇಡ. ಯಾರೂ ಅಷ್ಟಾಗಿ ಕೊಳ್ಳದ, ಮಾರದ ಒಂದು ಫಂಡು. ಪೇಟೆ ತೆರೆದ ಮರು ನಿಮಿಷವೇ ಮಾರ್ಕೆಟ್ ಆರ್ಡರ್ ಒತ್ತಿದೆ, ಅಂದರೆ ಆ ಹೊತ್ತಿಗೆ ಯಾವ ಬೆಲೆಗೆ ಸಿಗುತ್ತದೋ ಆ ಬೆಲೆಗೆ ಕೊಡಿ ಅಂತ. ಎಂಬತ್ತೆರಡು ರೂಪಾಯಿಯ ಸಾಮಾನು ಎಂಬತ್ತಾರಕ್ಕೆ ಬಂತು. ಅರ್ಧ ಗಂಟೆ ಬಿಟ್ಟು ನೋಡಿದರೆ ಮತ್ತೆ ಎಂಬತ್ತೆರಡರಲ್ಲೇ ಇದೆ. ನಾಲ್ಕೂವರೆ ಪರ್ಸೆಂಟ್‌ಗಿಂತ ಜಾಸ್ತಿ ಒಂದೇ ಒತ್ತಿಗೆ ಹೋಯಿತು. ಐವತ್ತು ರೂಪಾಯಿ ಖರ್ಚು ಅಂತ ಮೇಲೆ ಹೆಮ್ಮೆಯಿಂದ ಬರೆದೆನಲ್ಲ, ಅಂಥ ತೊಂಬತ್ತು ವರ್ಷದ ಖರ್ಚು ಅದು.

ಆಗಿದ್ದೇನು ಅಂತ ಅರ್ಥವಾಗಲು ನನಗೆ ಅಡಿಕೆ ಮಂಡಿಯೇ ಬೇಕಾಯಿತು. ಶಿವಮೊಗ್ಗದಲ್ಲಿ ಟೆಂಡರ್ ದಿನ ಹತ್ತಾರು ವರ್ತಕರು ಬರೆದರೆ ರಾಶಿಗೆ ಒಂದು ರೇಟು. ಹಬ್ಬದ ಮರುದಿನ ಇಬ್ಬರೇ ಬಂದರೆ ಇನ್ನೊಂದು. ಅಡಿಕೆ ಅದೇ, ಚೀಲ ಅದೇ, ತೂಕವೂ ಅದೇ. ಇಟಿಎಫ್‌ಗೂ ಹಾಗೇ ಎರಡು ಬೆಲೆ. ಒಳಗಿರುವ ಷೇರುಗಳ ನಿಜವಾದ ಬೆಲೆ ಒಂದು, ಅದಕ್ಕೆ ಎನ್‌ಎವಿ ಅನ್ನುತ್ತಾರೆ. ಪೇಟೆ ನಡೆಯುತ್ತಿರುವಾಗ ಅದರ ಅಂದಾಜನ್ನು ಐ-ಎನ್‌ಎವಿ ಅಂತ ಫಂಡ್ ಕಂಪನಿಯ ವೆಬ್‌ಸೈಟಿನಲ್ಲಿ ತೋರಿಸುತ್ತಾರೆ. ಇನ್ನೊಂದು, ಆ ಕ್ಷಣ ಮಾರುವವನು ಕೇಳುವ ಬೆಲೆ. ಕೊಳ್ಳುವವರು, ಮಾರುವವರು ಸಾವಿರಗಟ್ಟಲೆ ಇದ್ದರೆ ಎರಡೂ ಅಂಟಿಕೊಂಡೇ ಇರುತ್ತವೆ. ಜನ ಇಲ್ಲದ ಕಡೆ ಯಾವನೋ ಒಬ್ಬ ಎಂಬತ್ತಾರು ಅಂತ ಬರೆದಿಟ್ಟು ಕೂತಿರುತ್ತಾನೆ, ನನ್ನಂಥವಳು ಬಂದು ಒತ್ತಲಿ ಅಂತ.

ಹಾಗಾಗಿ ನಾನು ಮಾರ್ಕೆಟ್ ಆರ್ಡರ್ ಬಿಟ್ಟೇಬಿಟ್ಟೆ. ಲಿಮಿಟ್ ಆರ್ಡರ್ ಮಾತ್ರ. ಅಂದರೆ ‘ಇಷ್ಟಕ್ಕಿಂತ ಒಂದು ಪೈಸೆ ಜಾಸ್ತಿ ಕೊಡಲ್ಲ’ ಅಂತ ಮೊದಲೇ ಹೇಳಿಬಿಡುವುದು. ಬೆಳಗಿನ ಮೊದಲ ಕಾಲು ಗಂಟೆ ಮುಟ್ಟುವುದಿಲ್ಲ. ದಿನಕ್ಕೆ ಎಷ್ಟು ಯೂನಿಟ್ ಕೈ ಬದಲಾಗುತ್ತದೆ ಅಂತ ನೋಡುತ್ತೇನೆ, ಲಕ್ಷಗಟ್ಟಲೆ ಇಲ್ಲದಿದ್ದರೆ ಆ ಕಡೆ ತಲೆ ಹಾಕುವುದಿಲ್ಲ.

ಸಾಮಾನ್ಯವಾಗಿ ಈ ಎರಡು ಬೆಲೆ ದೂರ ಹೋಗದ ಹಾಗೆ ನೋಡಿಕೊಳ್ಳಲು ದೊಡ್ಡ ದಲ್ಲಾಳಿಗಳು ಇರುತ್ತಾರೆ. ಮಾರ್ಕೆಟ್ ಮೇಕರ್ ಅಂತ ಹೆಸರು. ಪೇಟೆಯಲ್ಲಿ ಯೂನಿಟ್ ದುಬಾರಿಯಾದರೆ ಅವರು ಫಂಡಿಗೆ ಷೇರು ಅಥವಾ ದುಡ್ಡು ಕೊಟ್ಟು ಹೊಸ ಯೂನಿಟ್ ಮಾಡಿಸಿಕೊಂಡು ಪೇಟೆಗೆ ಬಿಡುತ್ತಾರೆ, ಬೆಲೆ ಇಳಿಯುತ್ತದೆ. ಅಗ್ಗವಾದರೆ ಉಲ್ಟಾ. ಆದರೆ ಹೊಸ ಯೂನಿಟ್ ಮಾಡುವ ದಾರಿಯೇ ಕಟ್ಟಿಹೋದರೆ? ಅಮೆರಿಕದ ಷೇರುಗಳ ಇಟಿಎಫ್‌ಗಳಲ್ಲಿ ಆಗಿದ್ದು ಅದೇ. ವಿದೇಶಿ ಇಟಿಎಫ್‌ಗಳಲ್ಲಿ ನಮ್ಮ ಫಂಡ್ ಕಂಪನಿಗಳೆಲ್ಲ ಸೇರಿ ಹಾಕಬಹುದಾದ ದುಡ್ಡಿಗೂ, ಹೊರದೇಶದ ಷೇರುಗಳಿಗೂ ಮಿತಿ ಇದೆ. ಅದು ತುಂಬಿದಾಗ ಹೊಸ ಯೂನಿಟ್ ಬರುವುದು ನಿಂತು, ಇದ್ದ ಯೂನಿಟ್‌ಗಳೇ ನಿಜ ಬೆಲೆಗಿಂತ ಎಷ್ಟೋ ಜಾಸ್ತಿಗೆ ಓಡಾಡಿದವು. 2025ರ ಅಕ್ಟೋಬರ್‌ನಲ್ಲಿ ಬೆಳ್ಳಿ ಇಟಿಎಫ್‌ಗೂ ಇದೇ ಗತಿ. ಬೆಳ್ಳಿಯ ಕೊರತೆಯಾಗಿ, ಜನ ಮುಗಿಬಿದ್ದು, ಒಳಗಿನ ಬೆಳ್ಳಿಗಿಂತ ಯೂನಿಟ್ಟೇ ದುಬಾರಿಯಾಯಿತು. ಬೆಳ್ಳಿ ಏರುತ್ತಿದೆ ಅಂತ ಆಗ ಕೊಂಡವರು, ಬೆಳ್ಳಿ ಇದ್ದಲ್ಲೇ ಇದ್ದರೂ ಈ ಜಾಸ್ತಿ ಕೊಟ್ಟದ್ದನ್ನು ಕಳೆದುಕೊಳ್ಳುವ ಸ್ಥಿತಿ.

ಬಂಗಾರದ ಇಟಿಎಫ್ ಬಗ್ಗೆ ನಮ್ಮ ಅತ್ತೆಯವರದು ಒಂದೇ ಪ್ರಶ್ನೆ: ‘ಕುತ್ತಿಗೆಗೆ ಹಾಕ್ಕೊಳ್ಳಕ್ಕೆ ಬರದ ಬಂಗಾರ ಯಾಕೆ?’ ಮಜೂರಿ ಇಲ್ಲ, ವೇಸ್ಟೇಜ್ ಇಲ್ಲ, ಕೊಳ್ಳುವಾಗ ನಮಗೆ ಮೂರು ಪರ್ಸೆಂಟ್ ಜಿಎಸ್‌ಟಿ ಇಲ್ಲ, ಕಳ್ಳರ ಭಯವೂ ಇಲ್ಲ ಅಂತ ನಾನು ಹೇಳಿದೆ. ಆದರೆ ಅವರ ಮಾತಿನಲ್ಲಿ ಹುರುಳಿದೆ. ನಮ್ಮ ಕಡೆ ಮನೆಯ ಬಂಗಾರದ ಅರ್ಧ ಕೆಲಸವೇ ಅಡ ಇಡುವುದು. ಕೊಯ್ಲಿಗೆ ಮುಂಚೆ, ಕೂಲಿಗೂ ಗೊಬ್ಬರಕ್ಕೂ ದುಡ್ಡು ಬೇಕಾದಾಗ, ಬಳೆ ತಗೊಂಡು ಸೊಸೈಟಿಗೆ ಹೋದರೆ ಮಧ್ಯಾಹ್ನದೊಳಗೆ ಸಾಲ ಸಿಗುತ್ತದೆ. ಗೋಲ್ಡ್ ಇಟಿಎಫ್ ತೋರಿಸಿ ಹಾಗೆ ಸಾಲ ತರಲು ಆಗಲ್ಲ, ಮಾರಬೇಕಷ್ಟೇ. ಹಾಗಾಗಿ ಬಂಗಾರದ ಇಟಿಎಫ್ ನನ್ನ ಹತ್ತಿರ ಸ್ವಲ್ಪ ಮಾತ್ರ ಇದೆ. ಬಳೆ ಇದ್ದಲ್ಲೇ ಇದೆ.

ನಿಫ್ಟಿ ಇಳಿದಾಗ ಹೇಗನ್ನಿಸುತ್ತದೆ ಅಂತ ಕೇಳುವವರಿಗೆ: ಚೆನ್ನಾಗಿ ಅನ್ನಿಸುವುದಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ 26,000 ದಾಟಿದ್ದ ನಿಫ್ಟಿ ಸೂಚ್ಯಂಕ (ಆ 50 ಷೇರುಗಳ ಬೆಲೆ ತೋರಿಸುವ ಅಂಕಿ) 2025ರ ಮಾರ್ಚ್ ಹೊತ್ತಿಗೆ 22,000ದ ಹತ್ತಿರ ಬಂದಿತ್ತು. ಪುಸ್ತಕದಲ್ಲಿ ಬರೆದ ಲಾಭ ತಿಂಗಳು ತಿಂಗಳು ಕರಗಿತು. ಇದೇನೂ ದೊಡ್ಡ ಬೀಳು ಅಲ್ಲವಂತೆ. 2020ರಲ್ಲಿ ಜನವರಿಯ 12,400ರಿಂದ ಮಾರ್ಚ್‌ನಲ್ಲಿ 7,600ಕ್ಕೆ ಬಿದ್ದಿತ್ತು, ಎರಡೇ ತಿಂಗಳಲ್ಲಿ. 50 ಕಂಪನಿ ಇದ್ದರೆ ಒಂದು ಮುಳುಗಿದಾಗ ಉಳಿದವು ಎತ್ತುತ್ತವೆ, ನಿಜ. ಎಲ್ಲವೂ ಒಟ್ಟಿಗೆ ಬಿದ್ದಾಗ ಇಟಿಎಫ್ ಏನೂ ಮಾಡುವುದಿಲ್ಲ, ಜೊತೆಗೇ ಬೀಳುತ್ತದೆ. ಕೊಳೆ ರೋಗ ಬಂದ ವರ್ಷ ಉದುರಿದ ಕಾಯಿ ಹೆಕ್ಕಿ ಅಭ್ಯಾಸ ಇದ್ದವರಿಗೆ ಇದು ತೀರಾ ಹೊಸದಲ್ಲ, ಆದರೂ ಮಗಳ ಫೀಸಿನ ದುಡ್ಡನ್ನು ನಾನು ಇದರಲ್ಲಿ ಹಾಕುವುದಿಲ್ಲ. ಐದು ವರ್ಷ ಬೇಡದ ದುಡ್ಡು ಮಾತ್ರ.

ಟ್ಯಾಕ್ಸ್ ವಿಷಯ ನಮ್ಮ ಕಡೆಯವರು ಮರೆತುಬಿಡುತ್ತಾರೆ. ಕೃಷಿ ಆದಾಯಕ್ಕೆ ಇನ್ಕಮ್ ಟ್ಯಾಕ್ಸ್ ಇಲ್ಲದೇ ಅಭ್ಯಾಸ ಆಗಿಹೋಗಿದೆ. ಅಡಿಕೆ ದುಡ್ಡಲ್ಲೇ ಕೊಂಡರೂ ಇಟಿಎಫ್‌ನ ಲಾಭ ಕೃಷಿ ಆದಾಯ ಅಲ್ಲ. ನಿಫ್ಟಿಯಂಥ ಷೇರಿನ ಇಟಿಎಫ್ ವರ್ಷದೊಳಗೆ ಮಾರಿದರೆ ಲಾಭದ ಮೇಲೆ 20 ಪರ್ಸೆಂಟ್. ವರ್ಷ ದಾಟಿದ ಮೇಲೆ 12.5 ಪರ್ಸೆಂಟ್, ಅದೂ ಒಂದು ಹಣಕಾಸು ವರ್ಷದಲ್ಲಿ 1.25 ಲಕ್ಷ ದಾಟಿದ ಲಾಭಕ್ಕೆ ಮಾತ್ರ. 2024ರ ಜುಲೈನಿಂದ ಈ ರೇಟು.

ಮಾರಿದ್ದು ಒಂದೇ ಸಲ, ಸುಲಿಯುವ ಮೆಷಿನ್‌ಗೆ ದುಡ್ಡು ಕಮ್ಮಿ ಬಿದ್ದಾಗ. ಟಿಪಿನ್ (ಮಾರಲು ಒಪ್ಪಿಗೆ ಕೊಡುವ ಗುಟ್ಟಿನ ನಂಬರ್), ಓಟಿಪಿ ಎಲ್ಲ ಹಾಕಿ ಸೋಮವಾರ ಮಾರಿದೆ. ಮಂಗಳವಾರ ಟ್ರೇಡಿಂಗ್ ಖಾತೆಗೆ ಬಂತು, ಬುಧವಾರ ಬ್ಯಾಂಕಿಗೆ. ಮಾರಿದ ದಿನ ಡಿಪಿ ಚಾರ್ಜ್ ಅಂತ, ಡಿಮ್ಯಾಟ್‌ನಿಂದ ಯೂನಿಟ್ ತೆಗೆಯುವುದಕ್ಕೆ, ಹದಿನೈದು ಇಪ್ಪತ್ತು ರೂಪಾಯಿ ಹಿಡಿದುಕೊಂಡರು. ಎರಡು ಯೂನಿಟ್ ಮಾರಿದರೂ ಅಷ್ಟೇ, ಇನ್ನೂರು ಮಾರಿದರೂ ಅಷ್ಟೇ. ಚಿಲ್ಲರೆ ಚಿಲ್ಲರೆ ಮಾರಬೇಡಿ.

ಐದಕ್ಕೆ ನಾಲ್ಕು ಕೊಡುತ್ತೇನೆ. ಕಳೆದ ಒಂದು ಅಂಕ ಆ ಎರಡು ಬೆಲೆಯ ತಲೆನೋವಿಗೆ. ಅದು ಬೇಡ ಅನ್ನುವವರಿಗೆ ಇಂಡೆಕ್ಸ್ ಫಂಡ್ ಇದೆ. ಅದೇ 50 ಕಂಪನಿ, ಖರ್ಚು ಕೂದಲೆಳೆಯಷ್ಟು ಜಾಸ್ತಿ, ಡಿಮ್ಯಾಟ್ ಬೇಡ, ದಿನದ ಎನ್‌ಎವಿಗೇ ಸಿಗುತ್ತದೆ, ಎಸ್‌ಐಪಿ ಹಾಕಿಟ್ಟರೆ ತಿಂಗಳಿಗೊಮ್ಮೆ ಬ್ಯಾಂಕಿನಿಂದ ತಾನಾಗಿ ಹೋಗುತ್ತದೆ. ನಮ್ಮ ನಾದಿನಿಗೆ ಅದನ್ನೇ ಮಾಡಿಸಿಕೊಟ್ಟೆ, ‘ಲಿಮಿಟ್ಟು ಗಿಮಿಟ್ಟು ನನಗೆ ಹೇಳಬೇಡ ಅತ್ತಿಗೆ’ ಎಂದಿದ್ದಳು. ನನಗೇನೋ ರೇಟು ನೋಡಿ ನಾನೇ ಕೊಳ್ಳುವುದು ಖುಷಿ.

ನಾನು ಕೊಳ್ಳುವುದು ತಿಂಗಳ ಮೊದಲ ಸೋಮವಾರ, ಹನ್ನೊಂದು ಗಂಟೆಯ ಮೇಲೆ, ಅಡುಗೆ ಮುಗಿಸಿ. ಕಳೆದ ಜುಲೈನಲ್ಲಿ ಮಾತ್ರ ಗಾಳಿ ಮಳೆಗೆ ಕರೆಂಟು ಹೋಗಿ, ಅದರ ಹಿಂದೆಯೇ ಟವರೂ ಮಲಗಿ, ನುಗ್ಗೆ ಮರದ ಬುಡದಲ್ಲೂ ಒಂದು ಕಡ್ಡಿ ಸಿಗ್ನಲ್ ಇಲ್ಲ. ಕೊಂಡದ್ದು ಶುಕ್ರವಾರ, ಯೂನಿಟ್‌ಗೆ ಎರಡು ರೂಪಾಯಿ ಜಾಸ್ತಿ ಕೊಟ್ಟು. ಕೊಡೆ ಹಿಡಿದು ಅಂಗಳದಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದ ನನ್ನನ್ನು ನಾಲ್ಕು ದಿನ ನೋಡಿದ ಮನೆಯವರು, ದೋಟಿಯ ತುದಿಗೆ ಫೋನ್ ಕಟ್ಟಿ ಎತ್ತಿಕೊಡಲಾ ಅಂತ ಕೇಳಿದರು.